ಗೋಲಿಬಾರ್ ಆದ ವರ್ಷ ಹುಟ್ಟಿದವರು

ನಮ್ಮ ಅಜ್ಜಿಗೆ ಇಸವಿ ಲೆಕ್ಕ ಬರುತ್ತಿರಲಿಲ್ಲ. ಆದರೆ ಮಕ್ಕಳು ಯಾವಾಗ ಹುಟ್ಟಿದರು ಅಂತ ಕೇಳಿದರೆ ತಡವರಿಸದೆ ಹೇಳುತ್ತಿದ್ದಳು. ದೊಡ್ಡತ್ತೆ ಗಾಂಧಿ ಬಂದ ವರ್ಷ. ದೊಡ್ಡಪ್ಪ ಗೋಲಿಬಾರ್ ಆದ ವರ್ಷ. ನಮ್ಮಪ್ಪ ಬಾವುಟ ಹಾರಿಸಿದ ವರ್ಷ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮೂವರಿಗೂ ಜೂನ್ 1 ಅಂತ ಬರೆದುಕೊಂಡರಂತೆ. ದಾಖಲೆಯಲ್ಲಿ ಈಗಲೂ ಅದೇ ಇದೆ. ಅಜ್ಜಿಯ ಲೆಕ್ಕ ಮಾತ್ರ ಅವಳ ಜೊತೆಗೇ ಹೋಯಿತು.

ಗಾಂಧಿ ಬಂದ ವರ್ಷ ಅಂದರೆ 1934. ಹರಿಜನ ಯಾತ್ರೆಯಲ್ಲಿ ಅವರು ದಾವಣಗೆರೆಗೆ ಬಂದಿದ್ದರು. ಬಾವುಟದ ವರ್ಷ ಯಾರಿಗೂ ಹೇಳಬೇಕಿಲ್ಲ. ನಡುವಿನ ಗೋಲಿಬಾರ್ ಯಾವುದು? ದಾವಣಗೆರೆಯಲ್ಲೇ ಹುಟ್ಟಿ, ಅಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ ಅದು ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಡೆ, ಸ್ವಾತಂತ್ರ್ಯ ಹೋರಾಟದಲ್ಲಿ ಎದ್ದು ನಿಂತ ಈಸೂರಿನ ಹೆಸರು ಎಲ್ಲರಿಗೂ ಗೊತ್ತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನೋ ಮಾತು ಮಕ್ಕಳ ಬಾಯಲ್ಲೂ ಇದೆ. ನಮ್ಮೂರಿನ ಸತ್ತವರಿಗೆ ಅಂಥ ಒಂದು ಮಾತು ಸಿಗಲಿಲ್ಲ. ಪ್ರಾಸ ಕೂಡಿದ ಒಂದು ಸಾಲು ಇಲ್ಲದಿದ್ದರೆ ಊರು ಎಷ್ಟು ಬೇಗ ಮರೆಯುತ್ತೆ ಅಂತ ಯೋಚಿಸಿದಾಗೆಲ್ಲ ಸಂಕಟ ಆಗುತ್ತಿತ್ತು.

ದೀಪಾವಳಿ ಮುಗಿದ ಮೇಲೆ ನಾಲ್ಕು ದಿನ ರಜೆ ಹಾಕಿದೆ. ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಜೊತೆಗೆ ಬರ್ತೀನಿ ಅಂದ. ದೂರದ ಊರೇನೂ ಇಲ್ಲ. ಎಲ್ಲಾ ದಾವಣಗೆರೆ, ಚಿತ್ರದುರ್ಗದ ಸುತ್ತಮುತ್ತಲಿನದೇ. ನೂರು ಸಲ ಬಸ್ಸಿನಲ್ಲಿ ಹಾದುಹೋದ ಊರುಗಳು.

ಮೊದಲ ದಿನ: ದಾವಣಗೆರೆ

ರಾತ್ರಿ ರೈಲಿಗೆ ಹೊರಟವನು ಬೆಳಗಿನ ಜಾವ ಸ್ಟೇಷನ್ನಿನಲ್ಲಿ ಇಳಿದೆ. ಅಣ್ಣ ಬೈಕ್ ತಂದಿದ್ದ. ಮೊದಲು ಬೆಣ್ಣೆ ದೋಸೆ, ಆಮೇಲೆ ಬೇರೆ ಮಾತು. ಇದು ನಮ್ಮ ಮನೆಯ ಹಳೇ ಪದ್ಧತಿ. ಒಲೆಯ ಮುಂದೆ ನಿಂತು, ಕೈಗೆ ಅಂಟಿದ ಬೆಣ್ಣೆ ಒರೆಸಿಕೊಂಡು, ಪಾಲಿಕೆ ಕಡೆ ಹೊರಟೆವು. ಹುತಾತ್ಮರ ಸ್ಮಾರಕ ಇರುವುದು ಅಲ್ಲೇ.

ಆರು ಹೆಸರು. ಚೀಲದಿಂದ ನೋಟ್‌ಬುಕ್ ತೆಗೆದು ಒಂದೊಂದಾಗಿ ಬರೆದುಕೊಂಡೆ. ಮಾಗಾನಹಳ್ಳಿ ಹನುಮಂತಪ್ಪ. ಹಳ್ಳೂರು ನಾಗಪ್ಪ. ಬಿದರಕುಂದಿ ನಿಂಗಪ್ಪ. ಹದಡಿ ನಿಂಗಪ್ಪ. ದೇವರಹಟ್ಟಿ ಹಾಲಸಿದ್ದಪ್ಪ. ಅಕ್ಕಸಾಲಿ ವಿರೂಪಾಕ್ಷಪ್ಪ.

ಬರೆದು ಮುಗಿಸಿ ಸುಮ್ನೆ ನೋಡುತ್ತಾ ನಿಂತೆ. ಐದು ಜನರ ಹೆಸರಿನ ಮುಂದೆ ಊರು ಕೂತಿದೆ. ಒಬ್ಬರ ಮುಂದೆ ಕಸುಬು ಕೂತಿದೆ. ಇವರಲ್ಲಿ ಯಾರಿಗೂ ದೊಡ್ಡ ಬಿರುದಿಲ್ಲ. ಸಂತೆಯಲ್ಲಿ, ಮಂಡಿಯಲ್ಲಿ, ಅಂಗಡಿ ಕಟ್ಟೆಯಲ್ಲಿ ಜನ ಕರೆಯುವ ಹೆಸರುಗಳು ಇವು. 'ಯಾವ ನಿಂಗಪ್ಪ?' ಅಂದರೆ 'ಹದಡಿ ನಿಂಗಪ್ಪ' ಅನ್ನಬೇಕು. ಅಷ್ಟಕ್ಕೇ ಹುಟ್ಟಿಕೊಂಡ ಹೆಸರು. ಆ ಹೆಸರೇ ಕಲ್ಲಿಗೆ ಬಂತು.

1942ರ ಆಗಸ್ಟ್ 8ಕ್ಕೆ ಮುಂಬೈಯಲ್ಲಿ ಕಾಂಗ್ರೆಸ್ಸು 'ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ' ಅಂತ ನಿರ್ಣಯ ಮಾಡಿತು. ಮಾರನೇ ದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿ ಮತ್ತು ದೊಡ್ಡ ನಾಯಕರೆಲ್ಲ ಜೈಲಿಗೆ ಹೋಗಿದ್ದರು. ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳುವವರು ಯಾರೂ ಉಳಿಯಲಿಲ್ಲ. ಆಮೇಲೆ ನಡೆದದ್ದೆಲ್ಲ ಊರೂರಿನ ಜನ ತಾವೇ ಮಾಡಿದ್ದು. ದಾವಣಗೆರೆ ಆಗ ಹತ್ತಿಯ ಊರು. ಜಿನ್ನಿಂಗ್ ಫ್ಯಾಕ್ಟರಿ, ಹೊಸದಾಗಿ ಬಂದ ಬಟ್ಟೆ ಗಿರಣಿ, ಮಂಡಿಪೇಟೆ, ಹಮಾಲರು, ಕಾರ್ಮಿಕರು. ಇಂಥ ಊರು ಬೀದಿಗೆ ಇಳಿಯಿತು. ಪೊಲೀಸರು ಗುಂಡು ಹಾರಿಸಿದರು. ಆರು ಜನ ಸತ್ತರು.

ಇಲ್ಲಿ ಒಂದು ಮಾತು ಹೇಳಬೇಕು. ದಾವಣಗೆರೆ ಮೈಸೂರು ಸಂಸ್ಥಾನಕ್ಕೆ ಸೇರಿದ ಊರು. ಆಗ ಜಿಲ್ಲೆ ಚಿತ್ರದುರ್ಗ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಹರಿಹರದ ಹೊಳೆ ದಾಟಿದರೆ ಮುಂಬೈ ಪ್ರಾಂತ್ಯ, ಬ್ರಿಟಿಷರ ನೇರ ಆಳ್ವಿಕೆ. ಈಚೆ ದಡದಲ್ಲಿ ಮಹಾರಾಜರ ಸರ್ಕಾರ. ಅಂದರೆ ನಮ್ಮೂರಲ್ಲಿ ಕೋವಿ ಎತ್ತಿದ್ದು ಸಂಸ್ಥಾನದ ಪೊಲೀಸರು. ಇದಕ್ಕೇ ಇರಬೇಕು, ದೇಶದ ದೊಡ್ಡ ಕಥೆ ಹೇಳುವವರು ಸಂಸ್ಥಾನದ ಜನರನ್ನು ಅಂಚಿಗೆ ತಳ್ಳಿಬಿಡುತ್ತಾರೆ. ಅಲ್ಲಿ ಹೋರಾಡಿದವರಿಗೆ ಎದುರಾಳಿ ಇಬ್ಬರು ಅನ್ನೋದು ಲೆಕ್ಕಕ್ಕೇ ಬರೋದಿಲ್ಲ.

ಮಧ್ಯಾಹ್ನ ಮನೆಗೆ ಹೋದೆವು. ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಕಿವಿ ಚುರುಕಾಗಿದೆ, ಮೊಣಕಾಲು ಮಾತ್ರ ಕೈಕೊಟ್ಟಿದೆ. ನೋಟ್‌ಬುಕ್ ಕೊಟ್ಟೆ. ಕನ್ನಡಕ ಏರಿಸಿ ಆರೂ ಹೆಸರನ್ನು ಬಾಯಿಬಿಟ್ಟು ಓದಿದರು. ಶಾಲೆಯಲ್ಲಿ ಹಾಜರಿ ಕೂಗುತ್ತಾರಲ್ಲ, ಹಾಗೆ.

"ಅವ್ವ ಆಗ ಬಾಣಂತಿ ಕಣಪ್ಪ," ಅಂದರು. "ನಾನು ಹುಟ್ಟಿ ಎಷ್ಟೋ ದಿನ ಆಗಿತ್ತಂತೆ. ಒಳಗೆ ಕೆಂಡದ ಬುಟ್ಟಿ, ಸಾಂಬ್ರಾಣಿ ಹೊಗೆ. ಹೊರಗೆ ಜನ ಓಡೋ ಸಪ್ಪಳ. ಕದ ಹಾಕ್ಕೊಂಡು ಕೂತಿದ್ದಳಂತೆ. ಅಪ್ಪ ಮಂಡಿಯಿಂದ ಬಂದಾಗ ಕಾಲಾಗೆ ಒಂದೇ ಚಪ್ಪಲಿ ಇತ್ತಂತೆ. ಇನ್ನೊಂದು ಎಲ್ಲೋ ಓಡೋವಾಗ ಕಳಚಿ ಹೋಗಿತ್ತು."

"ತಾತ ಮೆರವಣಿಗೆಗೆ ಹೋಗಿದ್ರಾ ದೊಡ್ಡಪ್ಪ?"

"ಅದನ್ನ ಅಪ್ಪ ಒಂದು ದಿನಾನೂ ಹೇಳ್ಲಿಲ್ಲ. ಅವ್ವ ಕೇಳ್ಲಿಲ್ಲ. ಆ ಒಂಟಿ ಚಪ್ಪಲಿ ಮಾತ್ರ ಭಾಳ ವರ್ಷ ಅಟ್ಟದ ಮ್ಯಾಲೆ ಇತ್ತು."

ಸಂಜೆ ಅಣ್ಣನ ಜೊತೆ ತರಕಾರಿಗೆ ಅಂತ ಹೊರಟಾಗ ಆಟೋದವರು ಕೂಗುತ್ತಿದ್ದರು. "ಹದಡಿ ರೋಡ್, ಹದಡಿ ರೋಡ್." ನಾನು ಹುಟ್ಟಿದಾಗಿನಿಂದ ಕೇಳಿದ ಕೂಗು. ನಮ್ಮ ಶಾಲೆ, ನಮ್ಮ ಡಾಕ್ಟರು, ಟ್ಯೂಷನ್ನು ಎಲ್ಲಾ ಹದಡಿ ರಸ್ತೆಯಲ್ಲೇ ಇದ್ದವು. ಆ ದಿನ ಮೊದಲ ಸಲ ಆ ಕೂಗಿನ ಹಿಂದೆ 'ನಿಂಗಪ್ಪ' ಅಂತ ಸೇರಿಸಿ ಕೇಳಿಸಿಕೊಂಡೆ.

ಎರಡನೇ ದಿನ: ಮಾಯಕೊಂಡ

ಪ್ಯಾಸೆಂಜರ್ ರೈಲಿಗೆ ಹೊರಟೆವು. ತೋಳಹುಣಸೆ ದಾಟಿದ ಮೇಲೆ ಕಿಟಕಿಯ ಆಚೆ ಎಲ್ಲಿ ನೋಡಿದರೂ ಮೆಕ್ಕೆಜೋಳ. ಕೊಯ್ದದ್ದು, ರಾಶಿ ಹಾಕಿದ್ದು, ಟಾರು ರಸ್ತೆ ಮೇಲೇ ಒಣಗಲು ಹರವಿದ್ದು. ಹೊಲದ ಬದು, ಹಳ್ಳದ ಅಂಚಿನಲ್ಲಿ ಅಲ್ಲಲ್ಲಿ ಈಚಲು ಗಿಡ. ಆ ಗಿಡಕ್ಕಾಗಿಯೇ ನಾನು ಹೊರಟಿದ್ದು.

ಮಾಯಕೊಂಡ ಅಂದರೆ ಇತಿಹಾಸ ಓದಿದವರಿಗೆ ಚಿತ್ರದುರ್ಗದ ಪಾಳೆಯಗಾರ ಮದಕರಿ ನಾಯಕ ಸತ್ತ ಯುದ್ಧ ನೆನಪಾಗುತ್ತೆ. ಕೊನೆಯ ಮದಕರಿ ಅಲ್ಲ, ಅವರಿಗಿಂತ ಹಿಂದಿನವರು. ನನಗೆ ಬೇಕಾಗಿದ್ದು ಅದಕ್ಕೆ ಸುಮಾರು ಇನ್ನೂರು ವರ್ಷ ಆಮೇಲಿನ ಒಬ್ಬ ಹೆಂಗಸಿನ ಕಥೆ. ಬಳ್ಳಾರಿ ಸಿದ್ದಮ್ಮ.

ಹೆಸರಲ್ಲಿ ಬಳ್ಳಾರಿ ಇದೆ, ಹುಟ್ಟಿದ್ದು ಈಗಿನ ಹಾವೇರಿ ಜಿಲ್ಲೆಯ ದುಂಡಸಿಯಲ್ಲಿ, ಬಾಳಿದ್ದು ದಾವಣಗೆರೆಯಲ್ಲಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತಲ್ಲ, ಅಲ್ಲಿಗೆ ಹೋದವರಲ್ಲಿ ಈಕೆಯೂ ಒಬ್ಬರು. ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ಸರ್ಕಾರದ ಅಪ್ಪಣೆ. ಹಾರಿಸೇ ಹಾರಿಸುತ್ತೀವಿ ಅಂತ ಜನರ ಹಟ. ಸಿದ್ದಮ್ಮ ಜೈಲಿಗೆ ಹೋದರು. ಮುಂದಿನ ವರ್ಷ ಚಿತ್ರದುರ್ಗ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹ ಶುರುವಾದಾಗ ಮಾಯಕೊಂಡದ ಕಡೆ ಈಚಲು ಮರ ಕಡಿಯಲು ಬಂದರು. ಮತ್ತೆ ಬಂಧನ.

1939ರಲ್ಲಿ ಒಬ್ಬ ಹೆಂಗಸು ರೈಲಿನಲ್ಲೋ ಗಾಡಿಯಲ್ಲೋ ಇಲ್ಲಿ ಬಂದು ಇಳಿದು, ಕೈಯಲ್ಲಿ ಕೊಡಲಿ ಹಿಡಿದು, ಗಂಡಸರ ಮಧ್ಯೆ ಹಳ್ಳದ ಕಡೆ ನಡೆದುಕೊಂಡು ಹೋಗುವುದನ್ನು ಕಣ್ಣಮುಂದೆ ತಂದುಕೊಳ್ಳಿ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಅದನ್ನೇ ಬಹಳ ಹೊತ್ತು ಯೋಚಿಸಿದೆ. ಕೊಡಲಿ ಸೌದೆ ಒಡೆಯಲು ಎಲ್ಲ ಹೆಂಗಸರೂ ಹಿಡಿದಿದ್ದರು. ಸರ್ಕಾರದ ಮರಕ್ಕೆ ಹಿಡಿದದ್ದು ಬೇರೆ.

ಊರೊಳಗೆ ಚಹಾ ಅಂಗಡಿಯಲ್ಲಿ ಕೂತೆವು. ಅಂಗಡಿಯ ಅಮ್ಮನಿಗೆ ಸಿದ್ದಮ್ಮನ ಹೆಸರು ಗೊತ್ತಿರಲಿಲ್ಲ. ಆದರೆ ಈಚಲು ಅಂದ ಕೂಡಲೇ ಎದ್ದು ಮೂಲೆಯಲ್ಲಿದ್ದ ಪೊರಕೆ ತಂದು ತೋರಿಸಿದರು.

"ಇದು ಈಚಲದ್ದೇ ಸಾರ್. ಅಂಗಡೀಲಿ ಸಿಗೋ ಪ್ಲಾಸ್ಟಿಕ್ಕಿನದು ಅಂಗಳಕ್ಕೆ ಆಗಲ್ಲ. ಗರಿ ಕೊಯ್ಯೋವಾಗ ಹುಷಾರಾಗಿರ್ಬೇಕು, ಬುಡದಾಗೆ ಮುಳ್ಳು ಅದಾವೆ. ಸೂಜಿ ಇದ್ದಂಗೆ."

ಅಂಗೈ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಕಪ್ಪು ಚುಕ್ಕೆ. ಎಂದೋ ಮುರಿದುಕೊಂಡ ಮುಳ್ಳಿನ ತುದಿ ಅಲ್ಲೇ ಉಳಿದಿತ್ತು. ನಾನು ಸಿದ್ದಮ್ಮನ ಕಥೆ ಹೇಳಿದೆ. ಅವರು ಚಹಾ ಸೋಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. "ಆಮೇಲೆ ಏನಾದ್ರು?" ಅಂದರು. ಆಮೇಲೆ ಸ್ವಾತಂತ್ರ್ಯ ಬಂತು, ದಾವಣಗೆರೆಯಿಂದ ಗೆದ್ದು ಶಾಸಕಿ ಆದರು, ಹೆಂಗಸರಿಗಾಗಿ ಮಾತೃ ಮಂದಿರ ಕಟ್ಟಿದರು ಅಂತ ಹೇಳಿದೆ. ಚಹಾದ ದುಡ್ಡು ಎಷ್ಟು ಕೊಟ್ಟರೂ ತಗೊಳ್ಳಲಿಲ್ಲ.

ಮಾತಿನ ಭರದಲ್ಲಿ ಮುಂದಿನ ರೈಲು ತಪ್ಪಿತು. ಬಸ್ಸು ಹಿಡಿದು, ಇನ್ನೊಂದು ಬಸ್ಸು ಬದಲಾಯಿಸಿ ಕತ್ತಲಾದ ಮೇಲೆ ಚಿತ್ರದುರ್ಗ ತಲುಪಿದೆವು. ಕೋಟೆ ಕತ್ತಲಲ್ಲಿ ಕರಗಿ ಹೋಗಿತ್ತು.

ಮೂರನೇ ದಿನ: ತುರುವನೂರು

ಬೆಳಗ್ಗೆ ಲಾಡ್ಜಿನವನು ಕೋಟೆಗೆ ಆಟೋ ಹೇಳಲಾ ಅಂತ ಕೇಳಿದ. ಬೇಡ, ತುರುವನೂರಿನ ಬಸ್ಸು ಎಲ್ಲಿ ನಿಲ್ಲುತ್ತೆ ಹೇಳಿ ಅಂದೆವು. ಆತನಿಗೆ ಆಶ್ಚರ್ಯ. "ಅಲ್ಲೇನು ಸಾರ್ ನೋಡೋದು?"

ನೋಡುವುದಕ್ಕೆ ನಿಜವಾಗಿ ಜಾಸ್ತಿ ಏನೂ ಇಲ್ಲ. ಆದರೂ ಈ ನಾಲ್ಕು ದಿನದಲ್ಲಿ ನನ್ನ ಮನಸ್ಸು ತುಂಬಿದ್ದು ತುರುವನೂರಲ್ಲೇ.

ಊರು ದುರ್ಗದ ಉತ್ತರಕ್ಕಿದೆ. ಬಂಡೆಗುಡ್ಡಗಳು ಹಿಂದಕ್ಕೆ ಸರಿದು ಬಯಲು ತೆರೆದುಕೊಳ್ಳುತ್ತೆ. ಈರುಳ್ಳಿ, ಶೇಂಗಾ, ಹತ್ತಿ. ಊರೊಳಗೆ ಗಾಂಧೀಜಿಗೆ ಒಂದು ಗುಡಿ ಇದೆ. ಗುಡಿಯ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದೆವು. ಪಕ್ಕದ ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕರೆದು ಕೂರಿಸಿದರು. ಯಾಕೆ ಬಂದಿರಿ ಅಂತ ಕೇಳಿದರು. ಹೇಳಿದೆ.

"ಈಚಲು ಮರದ ಗಲಾಟೆ," ಅಂದರು. ಸತ್ಯಾಗ್ರಹ ಅನ್ನಲಿಲ್ಲ. ಅವರ ಮನೆಯಲ್ಲಿ ಅದನ್ನು ಹಾಗೇ ಕರೆಯುತ್ತಿದ್ದರಂತೆ.

ಯಾಕೆ ಈಚಲು? ಇದು ನನ್ನ ಮನಸ್ಸಲ್ಲಿ ಬಹಳ ದಿನದಿಂದ ಇದ್ದ ಪ್ರಶ್ನೆ. 1930ರಲ್ಲಿ ಅಂಕೋಲೆಯವರು ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿ ಕಾಯಿದೆ ಮುರಿದರು. ಬಯಲುಸೀಮೆಯವರಿಗೆ ಸಮುದ್ರ ಎಲ್ಲಿದೆ? ಇಲ್ಲಿ ಇದ್ದದ್ದು ಹಳ್ಳ, ಹಳ್ಳದ ದಂಡೆಯ ಈಚಲು. ಆ ಮರ ಸರ್ಕಾರದ್ದು. ಕೊಡಲಿ ತಾಗಿಸಿದರೆ ಅರಣ್ಯ ಕಾಯಿದೆ ಮುರಿದಂತೆ. ಅದರಿಂದ ಇಳಿಸುವ ಹೆಂಡಕ್ಕೆ ಹರಾಜು, ಗುತ್ತಿಗೆ. ಆ ಗುತ್ತಿಗೆ ದುಡ್ಡು ಸರ್ಕಾರದ ಬೊಕ್ಕಸಕ್ಕೆ. ಕೂಲಿಯವನು ಸಂಜೆ ಕುಡಿದ ಒಂದೊಂದು ಬುರುಡೆ ಹೆಂಡದಲ್ಲೂ ಸರ್ಕಾರಕ್ಕೆ ಪಾಲು. ಮರ ಕಡಿದರೆ ಕಾಯಿದೆ ಮುರಿಯಿತು, ಆದಾಯಕ್ಕೆ ಹೊಡೆತ ಬಿತ್ತು, ಪಾನನಿರೋಧವೂ ಆಯಿತು. ಮನೆಯ ಹೆಂಗಸರಿಗೂ ಇದು ತಮ್ಮ ಜಗಳ ಅನ್ನಿಸಿತು. ಒಂದೇ ಏಟಿಗೆ ಇಷ್ಟೆಲ್ಲ. ಇದನ್ನು ಯೋಚಿಸಿದವರ ಬುದ್ಧಿಗೆ ನಾನು ಬೆರಗಾಗಿದ್ದೀನಿ.

ಜಿಲ್ಲೆಯಲ್ಲಿ ಮುಂದೆ ನಿಂತವರು ಎಸ್. ನಿಜಲಿಂಗಪ್ಪ. ಆಗ ಅವರು ದುರ್ಗದಲ್ಲಿ ವಕೀಲರು, ವಯಸ್ಸು ಇನ್ನೂ ನಲವತ್ತು ಆಗಿರಲಿಲ್ಲ. ಜೈಲಿಗೆ ಹೋದರು. ವಕೀಲಿಕೆಯ ಸನ್ನದನ್ನೂ ಸರ್ಕಾರ ಕಿತ್ತುಕೊಂಡಿತು. ಅವರ ಹೆಸರು ಉಳಿಯಿತು, ಮುಂದೆ ಮುಖ್ಯಮಂತ್ರಿಯೂ ಆದರು. ಅವರ ಹಿಂದೆ ನಡೆದ ಊರಿನವರು?

ಹಿರಿಯರು ನಮ್ಮನ್ನು ಹಳ್ಳದ ಕಡೆ ಕರೆದುಕೊಂಡು ಹೋದರು. ಕೋಲೂರಿಕೊಂಡೇ ನಮಗಿಂತ ಬೇಗ ನಡೆಯುತ್ತಿದ್ದರು. ಈಚಲು ಈಗ ಅಲ್ಲೊಂದು ಇಲ್ಲೊಂದು. ಒಂದು ಮರದ ಬುಡದಲ್ಲಿ ನಿಂತೆವು. ಕಾಂಡದ ತುಂಬಾ ಉದುರಿದ ಗರಿಗಳ ಗುರುತು, ಮೊಸಳೆ ಬೆನ್ನಿನ ಹಾಗೆ. ಮುಟ್ಟಿದರೆ ಕೈ ತರಚುತ್ತೆ.

"ಇದನ್ನ ಕಡಿಯೋದು ಸುಲಭ ಅಲ್ಲಪ್ಪ," ಅಂದರು. "ಬೇವು, ಜಾಲಿ ಆದ್ರೆ ಚಕ್ಕೆ ಹಾರ್ತಾವೆ. ಇದು ನಾರು. ಕೊಡಲಿ ಕಚ್ಚಿ ಹಿಡ್ಕಂತದೆ. ಎಳಿಬೇಕು, ಮತ್ತೆ ಹಾಕ್ಬೇಕು. ಒಂದು ಮರಕ್ಕೆ ಒಬ್ಬನ ತೋಳು ಬಿದ್ದೋಗ್ತಾವೆ."

"ಕಡಿದ ಮೇಲೆ ಓಡಿ ಹೋಗ್ತಿದ್ರಾ?"

"ಓಡೋದಾ? ಓಡಿದ್ರೆ ಅದು ಕಳ್ಳತನ ಆಗ್ತದಲ್ಲ. ಕಡಿದು ಅಲ್ಲೇ ನಿಂದ್ರಬೇಕು. ಪೊಲೀಸರು ಬರೋಗಂಟ. ಬಂದು ಯಾರು ಕಡಿದೋರು ಅಂದ್ರೆ ನಾನು ಅನ್ನಬೇಕು."

ಈ ಮಾತು ಕೇಳಿ ನಾನು ಆ ಮರದ ಹತ್ತಿರವೇ ಕೂತುಬಿಟ್ಟೆ. ಮರ ಕಡಿಯಲು ಬೇಕಾದ ಧೈರ್ಯ ಒಂದು. ಕಡಿದು, ಬೆವರು ಒರೆಸಿಕೊಂಡು, ಕೊಡಲಿ ಕೆಳಗಿಟ್ಟು, ಲಾರಿ ಬರುವ ದಾರಿ ನೋಡುತ್ತಾ ಕೂರಲು ಬೇಕಾದ ಧೈರ್ಯ ಇನ್ನೊಂದು. ಆ ಕಾಯುವ ಹೊತ್ತಲ್ಲಿ ಅವರು ಏನು ಮಾತಾಡಿರಬಹುದು? ಎತ್ತಿಗೆ ನೀರು ಕುಡಿಸುವವರು ಯಾರು, ಬಿತ್ತನೆಗೆ ಯಾರು ಇರ್ತಾರೆ, ಹೆಂಡತಿ ತವರಿಗೆ ಹೋಗ್ತಾಳಾ, ಇದನ್ನೇ ಇರಬೇಕು. ರೈತನಿಗೆ ಜೈಲು ಅಂದರೆ ಒಂದು ಬೆಳೆ ಹೋದ ಹಾಗೆ. ವಕೀಲರ ಸನ್ನದು ಹೋದದ್ದು ದಾಖಲೆಯಲ್ಲಿ ಇದೆ. ರೈತರು ಕಳೆದುಕೊಂಡ ಬೆಳೆ ಯಾವ ದಾಖಲೆಯಲ್ಲೂ ಸಿಗೋದಿಲ್ಲ.

ಹಿರಿಯರ ಮನೆಯಲ್ಲೇ ಊಟ. ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ. ಹೊರಡುವಾಗ ಅವರ ಸೊಸೆ ಒಂದು ಸಣ್ಣ ಈಚಲು ಚಾಪೆ ಸುತ್ತಿ ಕೊಟ್ಟರು. ಬೇಡ ಅಂದರೆ ಕೇಳಲಿಲ್ಲ.

ದುರ್ಗಕ್ಕೆ ವಾಪಸ್ ಬಂದು, ದಾವಣಗೆರೆ ಬಸ್ಸು ಹತ್ತುವ ಮೊದಲು ಸೀಬಾರಕ್ಕೆ ಹೋದೆವು. ನಿಜಲಿಂಗಪ್ಪನವರ ಸಮಾಧಿ ಇರುವ ಜಾಗ. ಹೆದ್ದಾರಿಯ ಸದ್ದು ಬಿಟ್ಟರೆ ನಿಶ್ಶಬ್ದ. 1947ರ ಆಗಸ್ಟ್ 15ಕ್ಕೆ ದಿಲ್ಲಿಯಲ್ಲಿ ಬಾವುಟ ಹಾರಿದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ, ಬಂದಿರಲಿಲ್ಲ. 'ಮೈಸೂರು ಚಲೋ' ನಡೆಯಬೇಕಾಯಿತು. ಗಡಿಯ ಆಚೆ ಬೇರೆ ಪ್ರಾಂತ್ಯದ ಊರುಗಳಲ್ಲಿ ಶಿಬಿರ ಹಾಕಿಕೊಂಡು ಜನ ಹೋರಾಡಿದರು. ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ ಆದ ಮೇಲೆ ಅದು ಮುಗಿಯಿತು. ನಮ್ಮಪ್ಪ ಹುಟ್ಟಿದ 'ಬಾವುಟ ಹಾರಿಸಿದ ವರ್ಷ' ಅಂದರೆ ಆಗಸ್ಟೋ ಅಕ್ಟೋಬರೋ ಅಂತ ಅಣ್ಣ ಕೇಳಿದ. ಅಜ್ಜಿಯನ್ನೇ ಕೇಳಬೇಕಿತ್ತು.

ನಾಲ್ಕನೇ ದಿನ: ಹೊನ್ನಾಳಿ, ಆಮೇಲೆ ಹದಡಿ

ಬೆಳಗ್ಗೆ ಎದ್ದಾಗ ದೊಡ್ಡಪ್ಪ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. "ಇವತ್ತು ನಾನೂ ಬರ್ತೀನಿ." ಅಣ್ಣ ಗೆಳೆಯರ ಕಾರು ತಂದ. ಮಲೇಬೆನ್ನೂರಿನ ಮೇಲೆ ಹೊನ್ನಾಳಿಗೆ. ಭದ್ರಾ ನಾಲೆಯ ಭತ್ತ ಎರಡೂ ಕಡೆ ಹಳದಿಯಾಗಿ ಬಾಗಿತ್ತು. ದೊಡ್ಡಪ್ಪ ಕಿಟಕಿ ಗಾಜು ಇಳಿಸಿ ದಾರಿಯುದ್ದಕ್ಕೂ ಬೆಳೆ ನೋಡಿದರು.

ಹೊನ್ನಾಳಿಗೆ ಯಾಕೆ ಅಂದರೆ, ಈ ಕಥೆ 1942ರಲ್ಲೋ 1939ರಲ್ಲೋ ಶುರುವಾದದ್ದಲ್ಲ. ಅದಕ್ಕೂ ನೂರು ವರ್ಷ ಮೊದಲು ಇದೇ ತುಂಗಭದ್ರೆಯ ದಂಡೆಯ ರೈತರು ಎದ್ದಿದ್ದರು. 1830ರ ನಗರ ದಂಗೆ. ನಗರ ಅಂದರೆ ಇಲ್ಲಿ ಪಟ್ಟಣ ಅಲ್ಲ, ಬಿದನೂರಿನ ಸೀಮೆಗೆ ಆಗ ಇದ್ದ ಹೆಸರು. ಶಾಲೆಯಲ್ಲಿ ಒಂದು ಸಾಲು ಓದಿರುತ್ತೀವಿ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೀವಿ.

ಟಿಪ್ಪು ಸತ್ತ ಮೇಲೆ ಮೈಸೂರು ಒಡೆಯರ ಕೈಗೆ ಬಂತಲ್ಲ, ಅದಕ್ಕೆ ಪ್ರತಿಯಾಗಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ, ಅಂದರೆ ಕಪ್ಪ, ಕೊಡಬೇಕಿತ್ತು. ರೂಪಾಯಿ ಲೆಕ್ಕದಲ್ಲಿ 24 ಲಕ್ಷ 50 ಸಾವಿರ. ಇಷ್ಟು ದುಡ್ಡು ಎಲ್ಲಿಂದ ಬರಬೇಕು? ಹೊಲದಿಂದಲೇ. ಕಂದಾಯ ವಸೂಲಿಯನ್ನು ಗುತ್ತಿಗೆಗೆ ಬಿಟ್ಟರು. ಇಷ್ಟು ಕಟ್ಟುತ್ತೀನಿ ಅಂತ ಒಪ್ಪಿಕೊಂಡ ಅಮಲ್ದಾರ ಮೇಲೆ ಎಷ್ಟು ಹಿಂಡಿದರೂ ಕೇಳುವವರಿಲ್ಲ. ಮಳೆ ಬರಲಿ ಬಿಡಲಿ, ಕಂದಾಯ ನಿಲ್ಲೋದಿಲ್ಲ. ಕೊನೆಗೆ ರೈತರು ಕೂಟ ಸೇರತೊಡಗಿದರು. ಕೂಟ ಅನ್ನೋದೇ ಆಗಿನ ಮಾತು. ಹತ್ತು ಊರಿನವರು ಒಂದು ಕಡೆ ಸೇರುವುದು, ನಮ್ಮ ಕಷ್ಟ ಕೇಳುವವರೆಗೆ ಕಂದಾಯ ಕೊಡೋದಿಲ್ಲ ಅನ್ನುವುದು. ಹೊನ್ನಾಳಿ, ಚನ್ನಗಿರಿ, ಬಸವಾಪಟ್ಟಣದ ಕಡೆಯ ರೈತರೆಲ್ಲ ಎದ್ದರು. ತರೀಕೆರೆಯ ಪಾಳೆಯಗಾರರ ಮನೆತನದ ಸರ್ಜಾ ಹನುಮಪ್ಪ ನಾಯಕ ಅವರ ಜೊತೆ ಸೇರಿದ. ಬೂದಿ ಬಸವಪ್ಪ ಅನ್ನುವವನು ತಾನೇ ನಗರದ ಅರಸು ಅಂತ ಹೇಳಿಕೊಂಡು ಮುಂದೆ ನಿಂತ. ಅವನು ರಾಜವಂಶದವನಲ್ಲ, ಇದೇ ಹೊನ್ನಾಳಿ ಸೀಮೆಯ ರೈತನ ಮಗ.

ಅವನು ಕಪಟಿ ಅಂತ ಕಂಪನಿಯವರು ಬರೆದಿಟ್ಟರು. ಇರಬಹುದು. ಆದರೆ ಸಾವಿರಾರು ರೈತರಿಗೆ ಅವನ ವಂಶಾವಳಿ ಬೇಕಾಗಿರಲಿಲ್ಲ, ಕಂದಾಯ ಇಳಿಸುವ ಒಬ್ಬ ಅರಸು ಬೇಕಾಗಿತ್ತು ಅಂತ ನನಗೆ ಅನ್ನಿಸುತ್ತೆ. ದಂಗೆ ಎದ್ದದ್ದು ಮಹಾರಾಜರ ಅಧಿಕಾರಿಗಳ ಮೇಲೆ, ಬ್ರಿಟಿಷರ ಮೇಲಲ್ಲ ಅಂತ ಹೇಳುವವರೂ ಇದ್ದಾರೆ. ಆ 7 ಲಕ್ಷ ವರಹದ ಪೊಗದಿಯನ್ನು ಪಕ್ಕಕ್ಕಿಟ್ಟು ಹೇಗೆ ಲೆಕ್ಕ ಹಾಕುತ್ತಾರೋ ಗೊತ್ತಿಲ್ಲ. ದಂಗೆ ಅಡಗಿಸಲು ಬಂದದ್ದು ಕಂಪನಿಯ ಪಡೆಗಳೇ ಅಲ್ವಾ? 1831ರಲ್ಲಿ ಹೊನ್ನಾಳಿ ಕೋಟೆ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕಂಪನಿಯ ಕೈಗೆ ತೆಗೆದುಕೊಂಡ. 1881ರವರೆಗೆ, ಪೂರಾ 50 ವರ್ಷ, ಅದು ಒಡೆಯರಿಗೆ ವಾಪಸ್ ಬರಲಿಲ್ಲ. ದಂಗೆ ಯಾಕಾಯಿತು ಅಂತ ವಿಚಾರಿಸಲು ಕಂಪನಿಯವರೇ ನಾಲ್ವರ ಸಮಿತಿ ಮಾಡಿದರು. 1833ರ ಡಿಸೆಂಬರ್‌ನಲ್ಲಿ ವರದಿ ಬಂತು. ಆಡಳಿತ ಕೆಟ್ಟಿತ್ತು, ಅದಕ್ಕೇ ರೈತರು ಎದ್ದರು ಅಂತ ಅವರೇ ಬರೆದರು. ಸತ್ತ ರೈತರ ಹೆಸರು ಬರೆದ ಕಲ್ಲು ಮಾತ್ರ ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹೊಳೆಯ ದಂಡೆಗೆ ಇಳಿದೆವು. ನೀರು ಕಂದು ಬಣ್ಣಕ್ಕಿತ್ತು. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತು ಪಾದ ತೊಳೆದುಕೊಂಡರು. ಅವರಿಗೆ ಕೂಟದ ಕಥೆಯೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೋರು ಯಾರಾದ್ರೂ ಅದ್ರಾಗೆ ಇದ್ರೇನೋ," ಅಂದರು. "ನಮ್ಮ ಮುತ್ತಾತನ ಕಾಲ. ಕಂದಾಯ ಕೊಡಾಕಾಗ್ದೆ ಹೊಲ ಬಿಟ್ಟು ಬಂದೋರು ನಾವು ಅಂತ ಅಪ್ಪ ಅಂತಿದ್ದ. ಯಾವ ಊರಿಂದ ಅಂತ ಹೇಳ್ಲಿಲ್ಲ."

ವಾಪಸ್ಸು ಬೇರೆ ದಾರಿ ಹಿಡಿದೆವು. ಬಸವಾಪಟ್ಟಣ, ತ್ಯಾವಣಿಗೆ. ಅಡಿಕೆ ತೋಟಗಳ ನೆರಳು ರಸ್ತೆಯವರೆಗೂ ಚಾಚಿತ್ತು. ತ್ಯಾವಣಿಗೆ ದಾಟಿದ ಮೇಲೆ ಕತ್ತಲಾಗುತ್ತಾ ಬಂತು. ನಾಳೆ ಬೆಳಗ್ಗೆ ನಾನು ಆಫೀಸಿಗೆ ಹೋಗಬೇಕು, ರಾತ್ರಿ ರೈಲು ಇದೆ. ಅಣ್ಣ ಸ್ವಲ್ಪ ಜೋರಾಗೇ ಓಡಿಸುತ್ತಿದ್ದ. ಬೋರ್ಡು ಬಂತು. ಹದಡಿ.

"ನಿಲ್ಸು," ಅಂದರು ದೊಡ್ಡಪ್ಪ.

ಬಸ್‌ಸ್ಟ್ಯಾಂಡಿನ ಹತ್ತಿರ ಮರದ ಕಟ್ಟೆ. ನಾಲ್ಕೈದು ಹುಡುಗರು ಮೊಬೈಲು ನೋಡುತ್ತಾ ಕೂತಿದ್ದರು. ದೊಡ್ಡಪ್ಪ ಕಾರಿನಿಂದ ಇಳಿದು, ನನ್ನ ಭುಜ ಹಿಡಿದುಕೊಂಡು ಅಲ್ಲಿಗೆ ಹೋದರು.

"ತಮ್ಮಾ, ನಿಮ್ಮೂರಾಗೆ ನಿಂಗಪ್ಪ ಅಂತ ಇದ್ನಲ್ಲ, ಗೊತ್ತೇನು?"

ಹುಡುಗ ತಲೆ ಎತ್ತಿದ. "ಯಾವ ನಿಂಗಪ್ಪ ತಾತಾ? ಟೇಲರ್ ನಿಂಗಪ್ಪನಾ, ಕೆಳಗಿನ ಕೇರಿ ನಿಂಗಪ್ಪನಾ? ಏಳೆಂಟು ಜನ ಅದಾರೆ."

"ಗೋಲಿಬಾರ್ ನಿಂಗಪ್ಪ."

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಸರಿದು ಜಾಗ ಮಾಡಿಕೊಟ್ಟ. ದೊಡ್ಡಪ್ಪ ಕೂತರು. ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡರು.

"ನಾನು ಆಗ ಹಸುಗೂಸು," ಅಂತ ಶುರು ಮಾಡಿದರು. "ನಮ್ಮವ್ವ ಬಾಣಂತಿ ಕೋಣೇಲಿದ್ದಳು."

ಇನ್ನಿಬ್ಬರು ಹುಡುಗರು ಮೊಬೈಲು ಜೇಬಿಗೆ ಹಾಕಿಕೊಂಡು ಹತ್ತಿರ ಬಂದರು. ರೈಲಿನ ಹೊತ್ತಾಗುತ್ತಿತ್ತು. ನಾನು ಅಣ್ಣನ ಕಡೆ ನೋಡಿದೆ. ಅವನು ಕೈ ಚಾಚಿ ಕಾರಿನ ಲೈಟು ಆರಿಸಿದ.